ನಿಧಾನದ ನಾರೇ ಪ್ರಧಾನವೆ?

ಸ್ನಾಯುಗಳಲ್ಲಿ ಎರಡು ಬಗೆಯ ನಾರುಗಳಿವೆ ಎಂಬುದು ಈಗ ಜಿಮ್‌ಗೆ ಹೋಗುವ ಹುಡುಗರಿಗೂ ಗೊತ್ತು. ಬೇಗ ಎಳೆದು ಬೇಗ ದಣಿಯುವ ವೇಗದ ನಾರು ಒಂದು, ಮೆಲ್ಲಗೆ ಎಳೆದು ಬಹಳ ಹೊತ್ತು ತಾಳುವ ನಿಧಾನದ ನಾರು ಇನ್ನೊಂದು. ನೂರು ಮೀಟರ್ ಓಡುವವನಿಗೆ ಮೊದಲನೆಯದು, ಮ್ಯಾರಥಾನ್ ಓಡುವವನಿಗೆ ಎರಡನೆಯದು ಎಂಬಲ್ಲಿಗೆ ಈ ತಿಳಿವಳಿಕೆ ನಿಂತಿದ್ದರೆ ತಕರಾರಿರಲಿಲ್ಲ. ಅದೀಗ ರೋಗಿಯ ಹಾಸಿಗೆಯವರೆಗೂ ಬಂದಿದೆ. ಸ್ನಾಯು ಸವೆಯುವ ಕಾಯಿಲೆಗಳಲ್ಲಿ ಮೊದಲು ಹೋಗುವುದು ವೇಗದ ನಾರು. ನಿಧಾನದ ನಾರು ಗಟ್ಟಿ ಪಿಂಡ. ಆದ್ದರಿಂದಲೇ ಸ್ನಾಯು ತನ್ನನ್ನು ಕಾಪಾಡಿಕೊಳ್ಳಲು ನಿಧಾನದ ಕಡೆಗೆ ವಾಲುತ್ತದೆ. ಆ ವಾಲುವಿಕೆಗೆ ಔಷಧಿಯ ಒತ್ತಾಸೆ ಕೊಟ್ಟರೆ ಕಾಯಿಲೆ ಹತೋಟಿಗೆ ಬರುತ್ತದೆ. ಆರೋಗ್ಯದ ಅಂಕಣಗಳಲ್ಲಿ, ಪೂರಕ ಆಹಾರದ ಜಾಹೀರಾತುಗಳಲ್ಲಿ, ಎಷ್ಟೋ ಸಲ ಸಂಶೋಧನಾ ಲೇಖನಗಳ ಮುನ್ನುಡಿಯಲ್ಲೂ ಈ ಸರಪಳಿ ಕಾಣಸಿಗುತ್ತದೆ. ನಿಧಾನವೇ ಪ್ರಧಾನ ಎಂದು ನಂಬಿ ಬೆಳೆದ ನಮಗೆ ಇದು ಸಲೀಸಾಗಿ ಒಪ್ಪಿತವಾಗುತ್ತದೆ.

ಸರಪಳಿಯ ಒಂದೊಂದು ಕೊಂಡಿಗೂ ಎಲ್ಲೋ ಒಂದು ಪುರಾವೆ ಇದೆ. ಕೊಂಡಿಗಳನ್ನು ಒಂದಕ್ಕೊಂದು ಸಿಕ್ಕಿಸಿರುವ ರೀತಿ ಮಾತ್ರ ತಪ್ಪು. ನಾರಿನ ಬಗೆ ಬದಲಾಗಿದೆ ಎಂಬುದು ಒಂದು ಫಲಿತಾಂಶ. ಅದು ಯಾವ ದಾರಿಯಲ್ಲಿ ಬಂತು ಎಂದು ಕೇಳದೆ ಅದಕ್ಕೆ ಒಳ್ಳೆಯದು, ಕೆಟ್ಟದ್ದು, ರಕ್ಷಣೆ ಎಂದೆಲ್ಲ ಹೆಸರಿಡುವುದು ಅವಸರದ ಕೆಲಸ ಎಂಬುದೇ ನನ್ನ ವಾದ.

ಮೊದಲು ಈ ಬಗೆಗಳು ಕಣ್ಣಿಗೆ ಬೀಳುವುದು ಹೇಗೆ ಎಂದು ನೋಡೋಣ. ತೊಡೆಯಿಂದಲೋ ತೋಳಿನಿಂದಲೋ ಚಿಕ್ಕದೊಂದು ತುಣುಕು ಸ್ನಾಯು ತೆಗೆಯುತ್ತಾರೆ. ಅದನ್ನು ಫಾರ್ಮಲಿನ್ ಬಾಟಲಿಗೆ ಹಾಕಿದರೆ ಕೆಲಸ ಕೆಟ್ಟಂತೆ, ಕಿಣ್ವಗಳು ಹಾಳಾಗುತ್ತವೆ. ದ್ರವ ಸಾರಜನಕದಿಂದ ತಣಿಸಿದ ಐಸೊಪೆಂಟೇನ್‌ನಲ್ಲಿ ಅದ್ದಿ ಕ್ಷಣಮಾತ್ರದಲ್ಲಿ ಹೆಪ್ಪುಗಟ್ಟಿಸಬೇಕು. ಆಮೇಲೆ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ತೆಳುವಾಗಿ ಅಡ್ಡ ಸೀಳಿ ಗಾಜಿನ ಮೇಲೆ ಹತ್ತಿಸುತ್ತಾರೆ. ಒಂದು ಪದರವನ್ನು ಪಿಎಚ್ 9.4ರ ದ್ರಾವಣದಲ್ಲೂ ಅದರ ಪಕ್ಕದ ಪದರವನ್ನು 4.3ರ ದ್ರಾವಣದಲ್ಲೂ ನೆನೆಸಿ, ಮೈಯೋಸಿನ್ ಎಂಬ ಎಳೆಯುವ ಪ್ರೋಟೀನಿಗೆ ಎಟಿಪಿಯನ್ನು ಒಡೆಯುವ ಶಕ್ತಿ ಉಳಿದಿದೆಯೇ ಎಂದು ಬಣ್ಣದಿಂದ ಪರೀಕ್ಷಿಸುತ್ತಾರೆ. ಮೊದಲ ಗಾಜಿನಲ್ಲಿ ವೇಗದ ನಾರು ಕಪ್ಪು, ನಿಧಾನದ್ದು ಬಿಳಿಚು. ಎರಡನೆಯದರಲ್ಲಿ ಅವೇ ನಾರುಗಳು ಬಣ್ಣ ಅದಲುಬದಲು ಮಾಡಿಕೊಂಡಿರುತ್ತವೆ. ಬ್ರೂಕ್ ಮತ್ತು ಕೈಸರ್ 1970ರಲ್ಲಿ ಈ ಪಿಎಚ್ ಆಟವನ್ನು ವ್ಯವಸ್ಥಿತಗೊಳಿಸಿ ಟೈಪ್ 1, 2ಎ, 2ಬಿ ಎಂಬ ವಿಂಗಡಣೆಯನ್ನು ನೆಲೆಗೊಳಿಸಿದರು. ಟೈಪ್ 1 ನಿಧಾನದ್ದು, ಟೈಪ್ 2 ವೇಗದ್ದು. ಈಗ ಒಂದೊಂದು ಮೈಯೋಸಿನ್‌ಗೂ ಅಂಟುವ ಪ್ರತಿಕಾಯಗಳು ಬಂದಿವೆ. ಆದರೂ ಆರೋಗ್ಯವಂತರ ಸ್ಲೈಡಿನ ಚಿತ್ರ ಅದೇ: ಕಪ್ಪು, ಬಿಳುಪು ನಾರುಗಳು ಚದುರಂಗದ ಹಾಸಿನ ಹಾಗೆ ಒಂದರ ಪಕ್ಕ ಒಂದು ಬೆರೆತಿರುತ್ತವೆ.

ಈ ಬೆರಕೆಯೇ ಮೊದಲ ಸುಳಿವು. 1960ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆರ್ಥರ್ ಬುಲ್ಲರ್, ಜಾನ್ ಎಕಲ್ಸ್ ಮತ್ತು ಅವರ ಮಗಳು ರೋಸಮಂಡ್ ಎಕಲ್ಸ್ ಬೆಕ್ಕಿನ ಕಾಲಿನ ಎರಡು ನರಗಳನ್ನು ಕತ್ತರಿಸಿ ಅಡ್ಡಡ್ಡ ಜೋಡಿಸಿದರು. ವೇಗದ ಸ್ನಾಯುವಿನ ನರ ನಿಧಾನದ ಸ್ನಾಯುವಿಗೆ, ನಿಧಾನದ್ದರ ನರ ವೇಗದ್ದಕ್ಕೆ. ನರ ಹಬ್ಬಿಕೊಂಡ ಮೇಲೆ ನೋಡಿದರೆ ವೇಗದ ಸ್ನಾಯು ನಿಧಾನವಾಗಿತ್ತು, ನಿಧಾನದ್ದು ವೇಗ ಹೆಚ್ಚಿಸಿಕೊಂಡಿತ್ತು. ನರದ ಮೂಲಕ ಯಾವುದೋ ರಾಸಾಯನಿಕ ಇಳಿದುಬಂದು ಹೀಗಾಗುತ್ತದೆ ಎಂದು ಅವರು ಊಹಿಸಿದ್ದರು. 1969ರಲ್ಲಿ ಸಾಲ್ಮನ್ಸ್ ಮತ್ತು ವರ್ಬೊವಾ ಆ ಊಹೆಯನ್ನು ಅಲುಗಾಡಿಸಿದರು. ಮೊಲದ ವೇಗದ ಸ್ನಾಯುವಿನ ನರಕ್ಕೆ ವಾರಗಟ್ಟಲೆ, ಸೆಕೆಂಡಿಗೆ ಹತ್ತರಂತೆ, ಮೆಲ್ಲನೆಯ ವಿದ್ಯುತ್ ಮಿಡಿತ ಕೊಟ್ಟಾಗ ಸ್ನಾಯು ತಾನಾಗಿ ನಿಧಾನದ್ದಾಯಿತು. ನರವನ್ನು ಬದಲಿಸುವ ಅಗತ್ಯವೇ ಇರಲಿಲ್ಲ, ನರದ ಮಾತಿನ ಲಯ ಬದಲಾದರೆ ಸಾಕಿತ್ತು.

ನಾರಿನ ಬಗೆ ನಾರಿನ ಹುಟ್ಟುಗುಣ ಎಂಬ ನಂಬಿಕೆ ಅಲ್ಲಿಗೆ ಬಿದ್ದುಹೋಗಬೇಕಿತ್ತು. ಪಠ್ಯಪುಸ್ತಕದಲ್ಲಿ ಬಿತ್ತು, ಜನರ ಮಾತಿನಲ್ಲಿ ಬೀಳಲಿಲ್ಲ. ವೇಗದವು ದುರ್ಬಲ, ನಿಧಾನದವು ಗಟ್ಟಿ ಎಂದು ಹೇಳುವಾಗ ನಾವು ಈಗಲೂ ನಾರಿಗೊಂದು ಜಾತಿ ಕಟ್ಟಿ, ಆ ಜಾತಿಗೊಂದು ಸ್ವಭಾವ ಹಚ್ಚುತ್ತಿದ್ದೇವೆ.

ಈ ಅಭಿಪ್ರಾಯದ ಪರವಾಗಿ ಇರುವುದನ್ನು ಮೊದಲು ನ್ಯಾಯವಾಗಿ ಒಪ್ಪಿಕೊಳ್ಳೋಣ. ಅದರ ತವರು ಡುಷೆನ್ ಮಸ್ಕ್ಯುಲರ್ ಡಿಸ್ಟ್ರಫಿ, ಗಂಡುಮಕ್ಕಳನ್ನು ಕಾಡುವ ಆನುವಂಶಿಕ ಕಾಯಿಲೆ. ನಾರಿನ ಪೊರೆಗೆ ಆಧಾರವಾಗಿರುವ ಡಿಸ್ಟ್ರೊಫಿನ್ ಎಂಬ ಪ್ರೋಟೀನ್ ಇಲ್ಲದೆ, ಪ್ರತಿ ಎಳೆತಕ್ಕೂ ಪೊರೆ ಹರಿಯುತ್ತದೆ. ಈ ಹುಡುಗರ ಸ್ನಾಯುವಿನಲ್ಲಿ ವೇಗದ ನಾರುಗಳೇ ಮೊದಲು ಹಾಳಾಗುತ್ತವೆ ಎಂದು ಹೆಲೆನ್ ಬ್ಲಾವ್ ಅವರ ತಂಡ 1988ರಲ್ಲಿ ತೋರಿಸಿತು. ಜೋರಾಗಿ ಎಳೆಯುವ ನಾರಿನ ಪೊರೆಯ ಮೇಲೆ ಒತ್ತಡವೂ ಜೋರು, ಆದ್ದರಿಂದ ಅದು ಮೊದಲು ಹರಿಯುವುದು ಸಹಜ. ನಿಧಾನದ ನಾರುಗಳಲ್ಲಿ ಡಿಸ್ಟ್ರೊಫಿನ್‌ನ ದಾಯಾದಿಯಂಥ ಯುಟ್ರೊಫಿನ್ ಹೆಚ್ಚಿರುತ್ತದೆ, ಅದು ಒಂದಷ್ಟು ಆಸರೆ ಕೊಡುತ್ತದೆ. 2002ರಲ್ಲಿ ಪಿಜಿಸಿ-1 ಆಲ್ಫಾ ಎಂಬ ನಿಯಂತ್ರಕ ಪ್ರೋಟೀನನ್ನು ಹೆಚ್ಚಿಸಿದ ಇಲಿಗಳಲ್ಲಿ ವೇಗದ ಸ್ನಾಯುಗಳು ನಿಧಾನದ ಗುಣ ಪಡೆದವು. 2007ರಲ್ಲಿ ಅದೇ ಉಪಾಯ ಡಿಸ್ಟ್ರೊಫಿನ್ ಇಲ್ಲದ ಎಂಡಿಎಕ್ಸ್ ಇಲಿಗಳ ಸ್ನಾಯುಹಾನಿಯನ್ನು ತಗ್ಗಿಸಿತು. ಇಷ್ಟೆಲ್ಲ ನಿಜ. ಡುಷೆನ್ ಒಂದನ್ನೇ ನೋಡುವವರು ಸರಪಳಿ ಪೂರ್ತಿಯಾಯಿತು ಎಂದು ಭಾವಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಆದರೆ ಡುಷೆನ್‌ನ ಒಳಗೇ ಲೆಕ್ಕ ತಪ್ಪುತ್ತದೆ. ನಮ್ಮ ದೇಹದಲ್ಲಿ ಅತಿ ವೇಗವಾಗಿ ಎಳೆಯುವ ಸ್ನಾಯುಗಳಲ್ಲಿ ಕಣ್ಣುಗುಡ್ಡೆಯನ್ನು ತಿರುಗಿಸುವ ಸ್ನಾಯುಗಳು ಸೇರುತ್ತವೆ. ವೇಗವೇ ಕೇಡಿಗೆ ಕಾರಣವಾಗಿದ್ದರೆ ಡುಷೆನ್ ಇರುವ ಹುಡುಗರ ಕಣ್ಣು ಮೊದಲು ನಿಲ್ಲಬೇಕಿತ್ತು. ಅವರು ನಡೆಯಲಾರದೆ ಗಾಲಿಕುರ್ಚಿಗೆ ಬಂದು ವರ್ಷಗಳಾದ ಮೇಲೂ ಕಣ್ಣು ಚುರುಕಾಗಿ ತಿರುಗುತ್ತಲೇ ಇರುತ್ತದೆ. ಆ ನಾರುಗಳು ತೆಳ್ಳಗಿವೆ, ಕ್ಯಾಲ್ಸಿಯಂ ನಿಭಾಯಿಸುವುದರಲ್ಲಿ ಚುರುಕಾಗಿವೆ, ಯುಟ್ರೊಫಿನ್ ಸಹಾಯವೂ ಇದೆ ಎಂಬಂಥ ವಿವರಣೆಗಳಿವೆ. ಅವುಗಳಲ್ಲಿ ಯಾವುದನ್ನು ಒಪ್ಪಿದರೂ ಒಂದು ಮಾತು ಖಚಿತ: ಉಳಿವನ್ನು ನಿರ್ಧರಿಸಿದ್ದು ನಾರಿನ ಬಗೆಯಲ್ಲ.

ಕಾಲಿನ ಸ್ನಾಯುಗಳ ಕಥೆ ಇನ್ನೂ ತೊಡಕಿನದು. 1973ರಲ್ಲಿ ಜಾನ್ಸನ್ ಮತ್ತು ಸಂಗಡಿಗರು ಶವಪರೀಕ್ಷೆಗಳಿಂದ ಮನುಷ್ಯರ 36 ಸ್ನಾಯುಗಳ ನಾರಿನ ಪ್ರಮಾಣವನ್ನು ಎಣಿಸಿ ಪ್ರಕಟಿಸಿದರು. ಪೃಷ್ಠದ ದೊಡ್ಡ ಸ್ನಾಯು ಗ್ಲೂಟಿಯಸ್ ಮ್ಯಾಕ್ಸಿಮಸ್‌ನಲ್ಲಿ ನಿಧಾನದ ನಾರು ಸುಮಾರು ಅರ್ಧ. ತೊಡೆಯ ಮೇಲೆ ಓರೆಯಾಗಿ ಹಾಯುವ ಸಾರ್ಟೋರಿಯಸ್‌ನಲ್ಲೂ ಸುಮಾರು ಅರ್ಧ. ಡುಷೆನ್‌ನಲ್ಲಿ ಮೊದಲನೆಯದು ಮುಂಚೆಯೇ ಕೊಬ್ಬಾಗಿ ಮಾರ್ಪಡುತ್ತದೆ; ಎಂಆರ್‌ಐ ತೆಗೆದಾಗ ಎರಡನೆಯದು ಬಹುಕಾಲ ಹೆಚ್ಚು ಕೆಡದೆ ಕಾಣುತ್ತದೆ. ಒಂದೇ ಮಗು, ಒಂದೇ ಜೀನ್ ದೋಷ, ಹೆಚ್ಚುಕಡಿಮೆ ಒಂದೇ ಪ್ರಮಾಣದ ನಾರು, ಗತಿ ಮಾತ್ರ ಬೇರೆ ಬೇರೆ. ಕುಳಿತಲ್ಲಿಂದ ಏಳುವಾಗ, ಮೆಟ್ಟಿಲು ಇಳಿಯುವಾಗ ಯಾವ ಸ್ನಾಯು ಎಷ್ಟು ಭಾರವನ್ನು ಯಾವ ಬಗೆಯಲ್ಲಿ ಹೊರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಈ ವ್ಯತ್ಯಾಸ ಅರ್ಥವಾಗದು.

ಡುಷೆನ್ ಬಿಟ್ಟು ಹೊರಗೆ ಬಂದರೆ ಸರಪಳಿ ಕಳಚಿಯೇ ಬೀಳುತ್ತದೆ. ಮಯೋಟೋನಿಕ್ ಡಿಸ್ಟ್ರಫಿಯಲ್ಲಿ ಎರಡು ಬಗೆಗಳಿವೆ. ಮೊದಲನೆಯದರ ಜೀನ್ ದೋಷ 1992ರಲ್ಲಿ, ಎರಡನೆಯದರದು 2001ರಲ್ಲಿ ಸಿಕ್ಕಿತು. ಎರಡರಲ್ಲೂ ಡಿಎನ್‌ಎಯ ಒಂದು ತುಣುಕು ಅತಿಯಾಗಿ ಪುನರಾವರ್ತನೆಯಾಗಿ, ಅದರಿಂದ ಹುಟ್ಟುವ ಆರ್‌ಎನ್‌ಎ ಕೋಶಕೇಂದ್ರದಲ್ಲಿ ಗಂಟುಕಟ್ಟಿ, ಬೇರೆ ಕೆಲಸಗಳಿಗೆ ಬೇಕಾದ ಪ್ರೋಟೀನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ರೋಗದ ಮೂಲತಂತ್ರ ಒಂದೇ. ಆದರೆ ಬಯಾಪ್ಸಿ ನೋಡಿ: ಮೊದಲನೆಯದರಲ್ಲಿ ಸೊರಗುವುದು ಮುಖ್ಯವಾಗಿ ಟೈಪ್ 1, ಅಂದರೆ ಆ ಗಟ್ಟಿ ಪಿಂಡವೆನ್ನಿಸಿಕೊಂಡ ನಿಧಾನದ ನಾರು. ಎರಡನೆಯದರಲ್ಲಿ ಸೊರಗುವುದು ಟೈಪ್ 2. ನಿಧಾನದ ನಾರೇ ಎಲ್ಲ ರೋಗಕ್ಕೂ ಕೋಟೆ ಎನ್ನುವವರು ಈ ಎರಡು ಸ್ಲೈಡುಗಳನ್ನು ಪಕ್ಕಪಕ್ಕ ಇಟ್ಟು ಉತ್ತರ ಹೇಳಬೇಕು.

ಹುಟ್ಟಿನಿಂದ ಬರುವ ಸ್ನಾಯುರೋಗಗಳಲ್ಲಿ ಪಕ್ಷಪಾತ ಸಾಮಾನ್ಯವಾಗಿ ಟೈಪ್ 1ರ ಮೇಲೆಯೇ. ಸೆಂಟ್ರಲ್ ಕೋರ್ ಕಾಯಿಲೆಯಲ್ಲಿ ನಾರಿನ ನಡುವೆ ಬಣ್ಣ ಹತ್ತದ ಪೊಳ್ಳು ಕಾಣುವುದು ಟೈಪ್ 1ರಲ್ಲಿ. ನೆಮಲೀನ್ ಮಯೋಪತಿಯಲ್ಲಿ ನಾರಿನೊಳಗೆ ಕಡ್ಡಿಯಂಥ ಕಣಗಳು ಸೇರುತ್ತವೆ. ಅದರ ಒಂದು ಬಗೆಗೆ ಕಾರಣ ಟಿಪಿಎಂ3 ಜೀನಿನ ದೋಷ. ಆ ಜೀನ್ ಸ್ನಾಯುವಿನಲ್ಲಿ ಕೆಲಸ ಮಾಡುವುದು ನಿಧಾನದ ನಾರಿನಲ್ಲಿ, ಹಾಗಾಗಿ ಕಡ್ಡಿಗಳೂ ಅಲ್ಲೇ. ಇನ್ನೊಂದು ಕಡೆ, ವೇಗದ 2ಎ ಮೈಯೋಸಿನ್ ತಯಾರಿಸುವ ಎಂವೈಎಚ್2 ಜೀನ್ ಎರಡೂ ಪ್ರತಿಗಳಲ್ಲಿ ಕೆಟ್ಟರೆ 2ಎ ನಾರುಗಳೇ ಕಾಣೆಯಾಗುತ್ತವೆ, ಕಣ್ಣಿನ ಚಲನೆ ಕುಗ್ಗುತ್ತದೆ. ಯಾವ ನಾರಿನಲ್ಲಿ ಯಾವ ಜೀನಿಗೆ ಕೆಲಸವಿದೆಯೋ ಅಲ್ಲಿ ಪೆಟ್ಟು ಬೀಳುತ್ತದೆ, ಅಷ್ಟೇ. ಇದರಲ್ಲಿ ಗಟ್ಟಿತನದ ಪ್ರಶ್ನೆಯೇ ಏಳುವುದಿಲ್ಲ.

ಇನ್ನು ನರದ ಕಾಯಿಲೆಗಳಿಗೆ ಬರೋಣ, ಏಕೆಂದರೆ ತಪ್ಪು ಓದು ಅತಿ ಹೆಚ್ಚು ನಡೆಯುವುದು ಇಲ್ಲಿ. ಬೆನ್ನುಹುರಿಯಲ್ಲಿರುವ ಒಂದು ಮೋಟಾರ್ ನರಕೋಶ ಹತ್ತಾರರಿಂದ ಹಿಡಿದು ಸಾವಿರಾರು ನಾರುಗಳವರೆಗೆ ಆಳುತ್ತದೆ. ಅದರ ಆಳ್ವಿಕೆಯ ನಾರುಗಳೆಲ್ಲ ಒಂದೇ ಬಗೆಯವು. ಎಎಲ್‌ಎಸ್‌ನಂಥ ಕಾಯಿಲೆಯಲ್ಲಿ ಆ ಕೋಶ ಸತ್ತರೆ ನಾರುಗಳು ಅನಾಥವಾಗುತ್ತವೆ. ಪಕ್ಕದಲ್ಲಿ ಬದುಕುಳಿದ ನರ ಹೊಸ ಕವಲು ಚಾಚಿ ಅವುಗಳನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ, ತನ್ನ ಬಗೆಯನ್ನು ಅವುಗಳ ಮೇಲೆ ಹೇರುತ್ತದೆ. ಆಗ ಚದುರಂಗದ ಹಾಸು ಕೆಟ್ಟು, ಒಂದೇ ಬಣ್ಣದ ನಾರುಗಳು ಗುಂಪುಗುಂಪಾಗಿ ಕೂಡುತ್ತವೆ. ಇದು ಮರುನರಪೂರಣದ ಗುರುತು ಎಂದು ಕಾರ್ಪಾಟಿ ಮತ್ತು ಎಂಗೆಲ್ 1968ರಲ್ಲಿ ಪ್ರಾಣಿಪ್ರಯೋಗದಿಂದ ತೋರಿಸಿದರು. ಪೋಲಿಯೊದಿಂದ ಚೇತರಿಸಿಕೊಂಡವರಲ್ಲಿ ದಶಕಗಳ ನಂತರವೂ ಇಂಥ ಗುಂಪುಗಳು ಸಿಗುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಿಂದ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು 1984ರಲ್ಲಿ ಮಾನೋಮೆಲಿಕ್ ಅಮಯೋಟ್ರಫಿ ಎಂದು ಹೆಸರಿಟ್ಟ ಕಾಯಿಲೆಯೂ ಈ ವರ್ಗದ್ದೇ. ಹೆಚ್ಚಾಗಿ ಯುವಕರಲ್ಲಿ ಒಂದೇ ಕೈಯೋ ಒಂದೇ ಕಾಲೋ ಸೊರಗುತ್ತದೆ, ಕೆಲವು ವರ್ಷ ಮುಂದುವರಿದು ಅಲ್ಲಿಗೇ ನಿಲ್ಲುತ್ತದೆ. ಅಲ್ಲೂ ಸ್ನಾಯು ಸೊರಗುವುದು ನರಕೋಶ ಹೋದದ್ದರಿಂದ.

ಎಎಲ್‌ಎಸ್ ಮಾದರಿಯ ಇಲಿಗಳಲ್ಲಿ ವೇಗದ, ಬೇಗ ದಣಿಯುವ ನಾರುಗಳನ್ನು ಆಳುವ ನರಗಳು ಮೊದಲು ಹಿಮ್ಮೆಟ್ಟುತ್ತವೆ, ನಿಧಾನದ ನರಗಳು ಕೊನೆಗೆ ಎಂದು ಸ್ವಿಟ್ಜರ್ಲೆಂಡಿನ ಪಿಕೊ ಕರೋನಿ ಅವರ ತಂಡ 2006ರಲ್ಲಿ ತೋರಿಸಿತು. ಉಳಿದ ನಿಧಾನದ ನರ ಅನಾಥ ನಾರುಗಳನ್ನು ದತ್ತು ತೆಗೆದುಕೊಂಡರೆ ಸ್ಲೈಡಿನಲ್ಲಿ ಟೈಪ್ 1 ಏರುತ್ತದೆ. ನೋಡುವವರಿಗೆ ಸ್ನಾಯು ತನ್ನನ್ನು ಕಾಪಾಡಿಕೊಳ್ಳುತ್ತಿರುವಂತೆ ಕಾಣಬಹುದು. ನಿಜದಲ್ಲಿ ನಡೆದಿರುವುದು ನರಕೋಶಗಳ ಸಾವು. ಟೈಪ್ 1ರ ಏರಿಕೆ ಆ ಸಾವಿನ ಲೆಕ್ಕಪತ್ರ.

ಈಗ ಇವೆಲ್ಲವನ್ನೂ ಒಂದೇ ಮೇಜಿನ ಮೇಲಿಡೋಣ. ವರದಿಯಲ್ಲಿ 'ಟೈಪ್ 1 ನಾರುಗಳ ಪ್ರಾಬಲ್ಯ' ಎಂದು ಬರೆದಿದೆ ಎಂದುಕೊಳ್ಳಿ. ವೇಗದ ನಾರುಗಳು ಸತ್ತು ನಿಧಾನದವು ಮಾತ್ರ ಉಳಿದಿರಬಹುದು. ವೇಗದವು ಸಾಯದೆ, ನರದ ಮಿಡಿತ ಬದಲಾದ್ದರಿಂದ ತಾವೇ ಬದಲಾಗಿರಬಹುದು. ಒಡೆಯ ನರ ಸತ್ತು ಬೇರೊಂದರ ವಶಕ್ಕೆ ಹೋಗಿರಬಹುದು. ಹುಟ್ಟಿನಿಂದಲೇ ವೇಗದ ನಾರುಗಳು ಸರಿಯಾಗಿ ಬೆಳೆಯದೆ ಇರಬಹುದು. ಅಥವಾ ಏನೂ ಆಗಿರದೆಯೂ ಇರಬಹುದು: ಮೀನಖಂಡದ ಒಳಗಿನ ಸೋಲಿಯಸ್ ಸ್ನಾಯುವಿನಲ್ಲಿ ಆರೋಗ್ಯವಂತರಿಗೂ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ನಿಧಾನದ ನಾರೇ. ಅಂಕಿ ಒಂದೇ, ಅದರ ಹಿಂದಿನ ಚರಿತ್ರೆ ಐದು. ಇವುಗಳಲ್ಲಿ ಯಾವುದು ಎಂದು ತಿಳಿಯಲು ಗುಂಪುಗೂಡುವಿಕೆ, ನಾರಿನ ಗಾತ್ರ, ಕೋಶಕೇಂದ್ರದ ಜಾಗ, ಸತ್ತ ನಾರುಗಳ ಕುರುಹು, ಮರುಹುಟ್ಟು ಪಡೆಯುತ್ತಿರುವ ನಾರುಗಳ ಭ್ರೂಣಾವಸ್ಥೆಯ ಮೈಯೋಸಿನ್, ಸ್ನಾಯುವಿನ ವಿದ್ಯುತ್ ಪರೀಕ್ಷೆಯಾದ ಇಎಂಜಿ ಎಲ್ಲವೂ ಬೇಕು. ಶೇಕಡಾವಾರು ಲೆಕ್ಕ ಒಂದರಿಂದಲೇ ತೀರ್ಪು ಕೊಡುವವರು ಇವೆಲ್ಲವನ್ನೂ ಹಾರಿಸಿಬಿಡುತ್ತಾರೆ.

ಇದು ಪಂಡಿತರ ಜಗಳ ಮಾತ್ರವಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ನಾರಿನ ಬಗೆಯನ್ನೇ ಗುರಿಯಾಗಿಸಿದ ಔಷಧಿಗಳು ರೋಗಿಗಳವರೆಗೆ ಬಂದಿವೆ. ವೇಗದ ನಾರಿನಲ್ಲಿ ಎಳೆತಕ್ಕೆ ಚಾಲನೆ ಕೊಡುವ ಟ್ರೋಪೋನಿನ್ ಎಂಬ ಪ್ರೋಟೀನ್ ಕ್ಯಾಲ್ಸಿಯಂಗೆ ಹೆಚ್ಚು ಸ್ಪಂದಿಸುವಂತೆ ಮಾಡಿ, ಕಡಿಮೆ ನರಸಂದೇಶದಲ್ಲೇ ಹೆಚ್ಚು ಬಲ ತೆಗೆಯುವ ಟಿರಾಸೆಮ್ಟಿವ್ ಎಂಬ ಮಾತ್ರೆಯನ್ನು ಎಎಲ್‌ಎಸ್ ರೋಗಿಗಳಲ್ಲಿ ಪರೀಕ್ಷಿಸಿದರು. 2017ರಲ್ಲಿ ಅದು ವಿಫಲವಾಯಿತು. ಅದರ ಸುಧಾರಿತ ರೂಪ ರೆಲ್ಡೆಸೆಮ್ಟಿವ್‌ನ ಪ್ರಯೋಗವನ್ನು ಫಲದ ಆಸೆಯಿಲ್ಲವೆಂದು 2023ರಲ್ಲಿ ನಿಲ್ಲಿಸಿದರು. ಸಾಯುತ್ತಿರುವುದು ನರಕೋಶ, ಚಿಕಿತ್ಸೆ ನಾರಿನ ಸಂಕೋಚನಕ್ಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸ್ವಲ್ಪ ನಿಷ್ಠುರವಾದೀತು, ಉಳಿದ ನಾರಿನಿಂದ ಒಂದಿಷ್ಟು ಬಲ ಹಿಂಡುವುದು ಯೋಗ್ಯ ಆಸೆಯೇ. ಆದರೆ ನರ ಕೈಬಿಟ್ಟ ಮೇಲೆ ಅದೇ ನಾರಿನ ಬಾಗಿಲು ತಟ್ಟಿದರೆ ಎಷ್ಟು ಸಿಕ್ಕೀತು?

ಇದಕ್ಕೆ ಎದುರಾಗಿ ಸೆವಾಸೆಮ್ಟೆನ್ ಎಂಬ ಇನ್ನೊಂದು ಔಷಧಿಯನ್ನು ನೋಡಿ. ಡಿಸ್ಟ್ರೊಫಿನ್ ಅರೆಬರೆಯಾಗಿರುವ ಬೆಕರ್ ಡಿಸ್ಟ್ರಫಿಯ ರೋಗಿಗಳಲ್ಲಿ ಅದನ್ನು ಪರೀಕ್ಷಿಸುತ್ತಿದ್ದಾರೆ. ಅದು ವೇಗದ ಮೈಯೋಸಿನ್‌ನ ಎಳೆತವನ್ನು ತುಸು ತಗ್ಗಿಸಿ, ಹರಿಯುವ ಪೊರೆಯ ಮೇಲಿನ ಹೊರೆ ಇಳಿಸುತ್ತದೆ. ವೇಗದ ನಾರನ್ನು ನಿಧಾನದ್ದಾಗಿ ಮಾಡುವ ಉಸಾಬರಿಗೆ ಅದು ಹೋಗುವುದಿಲ್ಲ. 2024ರ ಕೊನೆಗೆ ಬಂದ ಫಲಿತಾಂಶದಲ್ಲಿ ಸ್ನಾಯುಹಾನಿಯ ಸೂಚಕವಾದ ಸಿಕೆ ರಕ್ತದಲ್ಲಿ ಇಳಿಯಿತು. ಚಲನೆಯ ಅಂಕಗಳಲ್ಲಿ ಕಂಡ ವ್ಯತ್ಯಾಸ ಸಂಖ್ಯಾಶಾಸ್ತ್ರದ ಗೆರೆಯನ್ನು ದಾಟಲಿಲ್ಲ. ಆದ್ದರಿಂದ ಜಯಘೋಷಕ್ಕೆ ಇದು ಕಾಲವಲ್ಲ. ಆದರೆ ಯೋಚನೆಯ ದಾರಿ ಸರಿಯಾಗಿದೆ. ಪೊರೆ ಏಕೆ ಹರಿಯುತ್ತದೆ ಎಂಬಲ್ಲಿಂದ ಅದು ಹೊರಡುತ್ತದೆ, ಯಾವ ಬಗೆ ಒಳ್ಳೆಯದು ಎಂಬಲ್ಲಿಂದಲ್ಲ.

ಪಿಜಿಸಿ-1 ಆಲ್ಫಾದ ಇಲಿಗಳನ್ನು ಮುಂದಿಟ್ಟು ಕೆಲವರು ವಾದಿಸಬಹುದು: ನಿಧಾನದ ಕಡೆಗೆ ತಿರುಗಿಸಿದಾಗ ಗುಣ ಕಂಡಿತಲ್ಲ? ಕಂಡಿತು, ಆದರೆ ಆ ಪ್ರೋಟೀನ್ ನಾರಿನ ಬಗೆಯನ್ನಷ್ಟೇ ತಿರುಗಿಸುವುದಿಲ್ಲ. ಮೈಟೋಕಾಂಡ್ರಿಯಾ ಹೆಚ್ಚಿಸುತ್ತದೆ, ಯುಟ್ರೊಫಿನ್ ಹೆಚ್ಚಿಸುತ್ತದೆ, ನರ-ಸ್ನಾಯು ಸಂಧಿಯ ಜೀನುಗಳನ್ನೂ ಎಬ್ಬಿಸುತ್ತದೆ. ಈ ಗಂಟಿನಲ್ಲಿ ಯಾವುದರಿಂದ ಗುಣವಾಯಿತು ಎಂದು ಬಿಡಿಸಿ ನೋಡದೆ, ಎಲ್ಲ ಶ್ರೇಯಸ್ಸನ್ನೂ ನಿಧಾನದ ಮೈಯೋಸಿನ್‌ಗೆ ಕೊಡುವುದು ನ್ಯಾಯವಲ್ಲ. ಮೇಲಾಗಿ ಇಲಿಯ ಕಾಲು ಮನುಷ್ಯನ ಕಾಲಲ್ಲ. ಇಲಿಯ ಕಾಲಿನಲ್ಲಿ ಹೇರಳವಾಗಿರುವ ಅತಿವೇಗದ 2ಬಿ ಮೈಯೋಸಿನ್ ನಮ್ಮ ಕೈಕಾಲುಗಳ ಸ್ನಾಯುಗಳಲ್ಲಿ ತಯಾರಾಗುವುದೇ ಇಲ್ಲ. ಹಳೆಯ ಬಣ್ಣಪರೀಕ್ಷೆಯಲ್ಲಿ ನಾವು 2ಬಿ ಎಂದು ಕರೆದ ಮನುಷ್ಯನ ನಾರಿನಲ್ಲಿರುವುದು 2ಎಕ್ಸ್ ಮೈಯೋಸಿನ್ ಎಂದು 1990ರ ದಶಕದಲ್ಲಿ ಗೊತ್ತಾಯಿತು. ವೇಗದ ತುದಿಯೇ ಬೇರೆಯಾಗಿರುವ ಪ್ರಾಣಿಯಲ್ಲಿ ಸಿಕ್ಕ ಲಾಭವನ್ನು ಹಾಗೆಯೇ ನಮ್ಮ ಮಕ್ಕಳ ಲೆಕ್ಕಕ್ಕೆ ಜಮೆ ಮಾಡುವಂತಿಲ್ಲ.

ಈ ಸರಳ ಸೂತ್ರದ ಪೆಟ್ಟು ಕೊನೆಗೆ ಬೀಳುವುದು ಮನೆಯವರ ಮೇಲೆ. 'ಟೈಪ್ 2 ನಾರುಗಳ ಸೊರಗುವಿಕೆ' ಎಂಬ ವರದಿ ಕೈಗೆ ಬಂದ ಕೂಡಲೇ ಮಹಾರೋಗವೇ ಅಂಟಿತು ಎಂದು ಹೆದರುವವರಿದ್ದಾರೆ. ಹಾಸಿಗೆ ಹಿಡಿದವರಲ್ಲಿ, ವಯಸ್ಸಾದವರಲ್ಲಿ, ಕ್ಯಾನ್ಸರಿನಿಂದ ಬಡಕಲಾದವರಲ್ಲಿ, ದೀರ್ಘಕಾಲ ಸ್ಟೀರಾಯ್ಡ್ ತಿಂದವರಲ್ಲಿ ಟೈಪ್ 2 ಸೊರಗುವುದು ಮಾಮೂಲು. ಡುಷೆನ್ ಹುಡುಗರಿಗೂ ಸ್ಟೀರಾಯ್ಡ್ ಕೊಡುತ್ತಾರೆ ಎಂಬುದನ್ನು ನೆನಪಿಡಿ. ಅವರ ವೇಗದ ನಾರು ಕುಗ್ಗಿದ್ದರಲ್ಲಿ ಕಾಯಿಲೆಯ ಪಾಲೆಷ್ಟು, ಮಾತ್ರೆಯ ಪಾಲೆಷ್ಟು? ವ್ಯಾಯಾಮದ ವಿಷಯದಲ್ಲೂ ಅಷ್ಟೇ. ಹರಿಯುವ ಪೊರೆಯಿರುವ ಡುಷೆನ್ ಹುಡುಗನಿಗೆ ಭಾರ ಎತ್ತಿಸುವುದು ಅಪಾಯ. ಮಲಗಿ ಮಲಗಿ ವೇಗದ ನಾರು ಕುಗ್ಗಿದ ಅಜ್ಜನಿಗೆ ಅಳತೆಯರಿತು ಭಾರ ಎತ್ತಿಸುವುದೇ ಮದ್ದು. ಬೆನ್ನುಹುರಿಗೆ ಪೆಟ್ಟಾಗಿ ಕಾಲು ನಿಶ್ಚಲವಾದವರ ಸ್ನಾಯು ತಿಂಗಳು, ವರ್ಷಗಳಲ್ಲಿ ತದ್ವಿರುದ್ಧ ದಿಕ್ಕಿಗೆ, ನಿಧಾನದಿಂದ ವೇಗದ 2ಎಕ್ಸ್ ಕಡೆಗೆ ಜಾರುತ್ತದೆ. ವೇಗದ ನಾರು ಉಳಿಸಿ ಎಂಬ ಒಂದೇ ಮಂತ್ರವಾಗಲಿ, ನಿಧಾನದ ನಾರು ಬೆಳೆಸಿ ಎಂಬ ಒಂದೇ ಮಂತ್ರವಾಗಲಿ ಈ ಮೂವರಿಗೂ ಸಲ್ಲುವುದಿಲ್ಲ.

ಹಾಗಾದರೆ ನಾರಿನ ಬಗೆ ನೋಡುವುದೇ ವ್ಯರ್ಥವೆ? ರಕ್ತದ ಜೀನ್ ಪರೀಕ್ಷೆಯಿಂದಲೇ ಡುಷೆನ್ ಪತ್ತೆಯಾಗುವ ಈ ಕಾಲದಲ್ಲಿ ಬಯಾಪ್ಸಿ ಏಕೆ ಎನ್ನುವವರೂ ಇದ್ದಾರೆ. ಅದು ಇನ್ನೊಂದು ತುದಿಯ ಅವಸರ. ಜೀನಿನಲ್ಲಿ ಕಂಡ ಬದಲಾವಣೆ ಹಾನಿಕರವೋ ನಿರುಪದ್ರವಿಯೋ ಎಂಬ ಅನುಮಾನ ಬಂದಾಗ, ಸ್ಲೈಡಿನಲ್ಲಿ ಯಾವ ನಾರಿಗೆ ಏನಾಗಿದೆ ಎಂಬುದೇ ಎಷ್ಟೋ ಸಲ ತೀರ್ಪು ಕೊಡುತ್ತದೆ. ಬಗೆ ಬದಲಾದದ್ದು ಒಂದು ಸಾಕ್ಷ್ಯ, ಅದನ್ನು ಇತರ ಸಾಕ್ಷ್ಯಗಳ ಜೊತೆ ಕೂರಿಸಿ ಕೇಳಬೇಕು. ಮುಂದೆ ಯಾವುದಾದರೂ ಔಷಧಿ 'ಸ್ನಾಯುವನ್ನು ನಿಧಾನದ ಬಗೆಗೆ ತಿರುಗಿಸುತ್ತದೆ' ಎಂದು ಹೇಳಿಕೊಂಡು ಬಂದರೆ, ಎಷ್ಟು ನಾರು ತಿರುಗಿದವು ಎಂಬ ಲೆಕ್ಕಕ್ಕೆ ಮರುಳಾಗಬಾರದು. ಈ ರೋಗದಲ್ಲಿ ಮೊದಲು ಕೆಡುವುದು ನಾರಿನ ಪೊರೆಯೋ, ನಾರಿನ ಜೀನೋ, ನರಕೋಶವೋ? ಔಷಧಿ ಕೈಹಾಕುವುದು ಅದಕ್ಕೋ, ಅದರ ಪರಿಣಾಮಕ್ಕೋ? ಮನುಷ್ಯರಲ್ಲಿ, ಅದೂ ಮೆಟ್ಟಿಲು ಹತ್ತುವ, ಉಸಿರೆಳೆಯುವ ಬಲದಲ್ಲಿ, ಫಲ ಕಂಡಿದೆಯೋ? ಈ ಮೂರು ಪ್ರಶ್ನೆಗಳಿಗೆ ನೇರ ಉತ್ತರವಿಲ್ಲದ ಯಾವ ಔಷಧಿಯೂ ರೋಗಿಯ ಆಸೆಗೆ ಅರ್ಹವಲ್ಲ, ಸ್ಲೈಡಿನ ಬಣ್ಣ ಎಷ್ಟೇ ಚೆನ್ನಾಗಿ ಬದಲಾಗಿರಲಿ.